ಅವ್ವನ ಸೀರೆ, ಬಾಡಿಗೆಯ ಸ್ಯಾಟಿನ್, ಮೀಟರ್ ಲೆಕ್ಕದ ಪ್ಲಾಸ್ಟಿಕ್

ಮೊದಲೇ ಹೇಳಿಬಿಡುತ್ತೇನೆ: ಚಹಾ ಕೂಟದ ಮೇಜಿಗೆ ಹಾಸಲು ಅವ್ವನ ಹಳೆಯ ಹತ್ತಿ ಸೀರೆಯಷ್ಟು ನನಗೆ ಬೇರೆ ಯಾವುದೂ ಹಿಡಿಸಿಲ್ಲ. ಆದರೆ ಪೆಟ್ಟಿಗೆಯಲ್ಲೇ ಇದ್ದ ಆ ಸೀರೆ ನೆನಪಾಗುವಷ್ಟರಲ್ಲಿ ಎರಡು ಸಲ ದುಡ್ಡು ಕಳೆದುಕೊಂಡಿದ್ದೆ. ಒಂದು ಸಲ ಮಾನವೂ ಸ್ವಲ್ಪ ಹೋಯಿತು.

ನಮ್ಮ ಮನೆ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ. ತಾರಸಿ ಹತ್ತಿದರೆ ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಅಲ್ಲಿ ಯಾರೂ ಅಂದಕ್ಕೆ ನಿಲ್ಲಿಸಿಲ್ಲ ಎಂಬುದು ಆಷಾಢದ ಒಂದು ಸಂಜೆ ತಾರಸಿಯ ಮೇಲೆ ಮೇಜು ಹಾಕಿದಾಗ ನನಗೆ ಅರ್ಥವಾಯಿತು.

ಅಂದು ಯಜಮಾನರ ನಿವೃತ್ತಿಯ ನೆಪದಲ್ಲಿ ಇಪ್ಪತ್ತು ಜನರಿಗೆ ಚಹಾ, ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಶಾಮಿಯಾನದ ಅಂಗಡಿಯಿಂದ ಆರಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜು ತರಿಸಿದೆ. ಜೊತೆಗೆ ಕೆನೆ ಬಣ್ಣದ, ಸುತ್ತಲೂ ನೆರಿಗೆ ಇಳಿಬಿಟ್ಟ ಸ್ಯಾಟಿನ್ ಹಾಸು. ನೋಡಲು ಮದುವೆ ಮಂಟಪದ ಹಾಗೆಯೇ ಇತ್ತು. ಐದು ನಿಮಿಷ.

ಮೇಜಿನ ಮೈಯೂ ನುಣುಪು, ಬಟ್ಟೆಯೂ ನುಣುಪು. ಗಾಳಿ ನೆರಿಗೆಯೊಳಗೆ ಹೊಕ್ಕು ಇಡೀ ಹಾಸನ್ನು ಲಂಗದಂತೆ ಉಬ್ಬಿಸಿತು. ಅಂಟುಪಟ್ಟಿ ಹಚ್ಚಿದೆ, ಸ್ಯಾಟಿನ್‌ಗೆ ಹಿಡಿಯಲಿಲ್ಲ. ಗುಂಡುಸೂಜಿ ಚುಚ್ಚಲು ಹೋದರೆ ಎಳೆ ಕಿತ್ತು ಬಂತು. ಯಜಮಾನರ ಕಡತಗಳಿಗೆ ಹಾಕಿದ್ದ ಕ್ಲಿಪ್ಪುಗಳನ್ನೆಲ್ಲ ಬಿಚ್ಚಿ ತಂದು ಅಂಚಿಗೆ ಸಿಕ್ಕಿಸಿದೆ. ಅಂಚು ನಿಂತಿತು, ನಡು ಜಾರಿತು. ಸೇವಂತಿಗೆ ಇಟ್ಟಿದ್ದ ಸ್ಟೀಲ್ ಲೋಟ ಉರುಳಿ ನೀರು ಬಜ್ಜಿಯ ತಟ್ಟೆಗೆ ಹರಿಯಿತು. ಮಂಡಕ್ಕಿಯಂತೂ ಪಕ್ಕದ ಮನೆಯ ತಾರಸಿಗೂ ಸಮಪಾಲಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಒಗ್ಗರಣೆಯ ಅರಿಶಿನ ಸ್ಯಾಟಿನ್ ಬಟ್ಟೆಗೆ ತಾಗಿತ್ತು. ಗಾಬರಿಯಲ್ಲಿ ಬಟ್ಟೆ ಸೋಪು ಉಜ್ಜಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು! ಸೋಪಿನ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದು ಕುಂಕುಮ ಮಾಡುವವರ ಮನೆಯ ಸಂಗತಿ. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದ್ದರೆ ತಿಳಿಯಾಗುತ್ತಿತ್ತೇನೋ. ಮರುದಿನ ಬೆಳಿಗ್ಗೆಯೇ ಹಾಸು ಹಿಂತಿರುಗಿಸಬೇಕಿತ್ತು, ಆಕಾಶ ನೋಡಿದರೆ ಮೋಡ. ಅಂಗಡಿಯವರು ಮುಂಗಡದಲ್ಲಿ ಮುನ್ನೂರು ರೂಪಾಯಿ ಹಿಡಿದುಕೊಂಡರು. ಅಷ್ಟಕ್ಕೆ ಒಂದು ಹತ್ತಿ ಹಾಸೇ ಬರುತ್ತಿತ್ತು.

ಎರಡನೆಯ ಸಲ ಲಕ್ಷ್ಮೀ ಬಜಾರಿನಲ್ಲಿ ಲೇಸಿನ ಚಿತ್ರದ ಪ್ಲಾಸ್ಟಿಕ್ ಹಾಸನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ತಂದೆ. ಒರೆಸಿದರೆ ಕಲೆ ಹೋಗುತ್ತದೆ, ಅಷ್ಟನ್ನು ಒಪ್ಪುತ್ತೇನೆ. ಆದರೆ ಮಡಿಕೆಯ ಗೆರೆ ಹೋಗುವುದಿಲ್ಲ, ಹೊಸದರ ವಾಸನೆ ಏಲಕ್ಕಿ ಚಹಾವನ್ನೂ ಮೀರಿಸುತ್ತದೆ, ಬಿಸಿ ಪಾತ್ರೆ ಇಟ್ಟಲ್ಲಿ ಸುಕ್ಕುಗಟ್ಟುತ್ತದೆ.

ಈಗ ಅವ್ವನ ಸೀರೆ. ಐದೂವರೆ ಮೀಟರ್ ಉದ್ದದ್ದನ್ನು ನಡುವೆ ಮಡಚಿದರೆ ಒಂಬತ್ತು ಅಡಿ. ಆರಡಿ ಮೇಜಿನ ಎರಡೂ ತುದಿಗೆ ಒಂದೂವರೆ ಅಡಿ ಇಳಿಯುತ್ತದೆ. ಅಗಲ ನಲವತ್ತಾರು ಇಂಚು, ಹಾಗಾಗಿ ಅಕ್ಕಪಕ್ಕ ಎಂಟೆಂಟು ಇಂಚು. ಕೂತವರ ಮಂಡಿಗೆ ತೊಡಕಿಲ್ಲ. ಸೀರೆಯ ಅಂಚೇ ಮೇಜಿಗೂ ಅಂಚಾಗುತ್ತದೆ, ಬೇರೆ ಅಲಂಕಾರವೇ ಬೇಡ. ಕೆಳಗೆ ಚಳ್ಳಕೆರೆಯ ಕರಿ ಕಂಬಳಿ ಹಾಸುತ್ತೇನೆ. ಅದರ ಒರಟು ಉಣ್ಣೆ ಸೀರೆಯನ್ನು ಹಿಡಿದುಕೊಳ್ಳುತ್ತದೆ, ಲೋಟದ ಸದ್ದನ್ನು ನುಂಗುತ್ತದೆ, ಮೇಜಿಗೆ ಬಿಸಿ ತಾಗಲು ಬಿಡುವುದಿಲ್ಲ. ಸೆರಗಿನ ಎರಡು ಮೂಲೆಗೆ ನಿಂಬೆಹಣ್ಣಿನ ಗಾತ್ರದ ಕಲ್ಲು ಗಂಟು ಹಾಕಿದರೆ ಆಷಾಢವೂ ಏನೂ ಮಾಡಲಾರದು. ಕಂಬಳಿ ಮಾತ್ರ ನೆನೆಯಬಾರದು. ನೆನೆದರೆ ಕುರಿಹಟ್ಟಿಯಲ್ಲಿ ಕೂತು ಚಹಾ ಕುಡಿದಂತಾಗುತ್ತದೆ.

ನಾದಿನಿಯ ತಕರಾರು ಬೇರೆ. "ಅತ್ತಿಗೆ, ಉಟ್ಟ ಸೀರೆಯ ಮೇಲೆ ತಿಂಡಿ ಇಡುತ್ತೀರಾ?" ಎಂದಳು. ತಿಂಡಿ ತಟ್ಟೆಯಲ್ಲಿದೆ, ಸೀರೆ ಒಗೆದದ್ದು ಎಂದೆ. ಅವಳು ಒಪ್ಪಲಿಲ್ಲ, ಬಜ್ಜಿಯನ್ನೂ ಬಿಡಲಿಲ್ಲ. ಮನೆಯಲ್ಲಿರುವ ಮೊಳಕಾಲ್ಮುರು ರೇಷ್ಮೆಯನ್ನು ಹಾಸುವಷ್ಟು ಎದೆಗಾರಿಕೆ ಮಾತ್ರ ನನಗೂ ಇಲ್ಲ.

ಚಹಾ ಚೆಲ್ಲಿದರೆ ತಕ್ಷಣ ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಕಲೆ ಕಚ್ಚಿಕೊಳ್ಳುತ್ತದೆ. ಹೂವಿಗೆ ನೀರು ತುಂಬಿದ ತಾಮ್ರದ ಚೊಂಬು, ಎದುರಿನವರ ಮುಖ ಮರೆಯಾಗದಷ್ಟು ಗಿಡ್ಡ ಸೇವಂತಿಗೆ. ಸುಗಂಧರಾಜ ಬೇಡ, ಅದರ ಘಮಕ್ಕೆ ಚಹಾದ ಪರಿಮಳ ಉಳಿಯುವುದಿಲ್ಲ.

ಮನೆಯೊಳಗೆ, ಚಿಕ್ಕ ಮಕ್ಕಳ ಹುಟ್ಟುಹಬ್ಬವಾದರೆ ಪ್ಲಾಸ್ಟಿಕ್ಕೇ ಸಾಕು, ತಕರಾರಿಲ್ಲ. ಕಲ್ಯಾಣಮಂಟಪದ ಬಾಗಿಲು ಮುಚ್ಚಿದ ಹಾಲ್‌ನಲ್ಲಿ ಸ್ಯಾಟಿನ್ ನಡೆದೀತು. ತಿಂಗಳಿಗೊಮ್ಮೆ ತಾರಸಿಯಲ್ಲಿ ಗೆಳತಿಯರನ್ನು ಸೇರಿಸುವ, ಬಾಡಿಗೆ ಎಂದರೆ ಹೊಟ್ಟೆ ಉರಿಯುವ ನನ್ನಂಥವಳಿಗೆ ಸೀರೆ ಮತ್ತು ಕಂಬಳಿ. ಆ ಲೇಸಿನ ಪ್ಲಾಸ್ಟಿಕ್ಕನ್ನು ಎಸೆದಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಸಂಡಿಗೆ ಇಡುತ್ತೇನೆ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿ.