ಸಪ್ಪೆಯಾದ ಬೆಟ್ಟಿಂಗ್ ಆ್ಯಪ್: ಬ್ರಿಟನ್ನಿನ ಹಳೆಯ ಗ್ರಾಹಕನೊಬ್ಬನ ವಿಮರ್ಶೆ

ಕ್ರೆಡಿಟ್ ಕಾರ್ಡಿನಿಂದಲೂ ಬಾಜಿ ಕಟ್ಟಬಹುದಾಗಿದ್ದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತೆರೆದ ಖಾತೆ ಇದು. 2020ರ ಏಪ್ರಿಲ್‌ನಲ್ಲಿ ಆ ದಾರಿ ಮುಚ್ಚಿತು. ಕ್ರಿಕೆಟ್ ಇದ್ದಾಗ ಐದೋ ಹತ್ತೋ ಪೌಂಡ್, ಮಳೆಯ ಸಂಜೆಗಳಲ್ಲಿ ಪರದೆಯ ಚಕ್ರ ತಿರುಗಿಸಿ ಅದೃಷ್ಟ ನೋಡುವ ಒಂದಿಷ್ಟು ಸ್ಲಾಟ್ ಆಟ: ನನ್ನ ಬಳಕೆ ಇಷ್ಟೇ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೇ ಜಾಹೀರಾತು. ಬ್ರಿಟನ್ನಿನ ಜೂಜು ನಿಯಂತ್ರಕ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ನಿನ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳು ಇಲ್ಲಿ ಪರವಾನಗಿ ಪಡೆದವರಿಗೆಲ್ಲ ಒಂದೇ. ಹಾಗಾಗಿ ನಾನು ಬರೆಯುವುದರಲ್ಲಿ ಮುಕ್ಕಾಲು ಪಾಲು ಬೇರೆ ಆ್ಯಪ್‌ಗಳಿಗೂ ಹೊಂದುತ್ತದೆ.

ಗುರುತೇ ಸಿಗದಂತೆ ಬದಲಾದದ್ದು ಸ್ಲಾಟ್. ಮೊದಲು ‘ಆಟೋಪ್ಲೇ’ ಗುಂಡಿ ಒತ್ತಿ, ಒಳಗೆ ಹೋಗಿ ಅನ್ನಕ್ಕಿಟ್ಟು ಬರುವಷ್ಟರಲ್ಲಿ ಚಕ್ರ ತಾನಾಗಿಯೇ ತಿರುಗಿ ತಿರುಗಿ ದುಡ್ಡು ನುಂಗಿರುತ್ತಿತ್ತು. 2021ರ ಅಕ್ಟೋಬರ್ 31ರಿಂದ ಆ ಗುಂಡಿಯೇ ಇಲ್ಲ. ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯಲೇಬೇಕು. ಇಪ್ಪತ್ತು ಪೆನ್ಸ್ ಕಟ್ಟಿದವನಿಗೆ ಎಂಟು ಪೆನ್ಸ್ ಮರಳಿಸಿ, ಗಂಟೆ ಬಾರಿಸಿ, ನಾಣ್ಯ ಸುರಿಸಿ, ಗೆದ್ದೆನೆಂದು ನಂಬಿಸುತ್ತಿದ್ದ ನಾಟಕವೂ ಅಂದೇ ನಿಂತಿತು. ಎಷ್ಟು ಹೊತ್ತು ಆಡಿದೆ, ಎಷ್ಟು ಕಳೆದುಕೊಂಡೆ ಎಂಬ ಲೆಕ್ಕ ಪರದೆಯ ಮೇಲೆಯೇ ಇರುತ್ತದೆ. ಆಮೇಲೆ ಬಂದದ್ದು ಪಣದ ಮಿತಿ. 2025ರ ಏಪ್ರಿಲ್ 9ರಿಂದ ಸುತ್ತಿಗೆ ಗರಿಷ್ಠ 5 ಪೌಂಡ್, ಮೇ 21ರಿಂದ 18ರಿಂದ 24 ವರ್ಷದವರಿಗೆ 2 ಪೌಂಡ್ ಮಾತ್ರ. ಬೆಟ್ಟಿಂಗ್ ಅಂಗಡಿಯ ಯಂತ್ರಗಳಿಗೆ 2019ರಲ್ಲೇ 2 ಪೌಂಡ್ ಮಿತಿ ಹಾಕಿದ್ದ ದೇಶಕ್ಕೆ, ಜೇಬಿನಲ್ಲಿರುವ ಯಂತ್ರದ ಕಡೆ ತಿರುಗಿ ನೋಡಲು ಆರು ವರ್ಷ ಏಕೆ ಬೇಕಾಯಿತೋ!

ಒಟ್ಟಿನಲ್ಲಿ ಆಟ ಸಪ್ಪೆಯಾಗಿದೆ. ಇದನ್ನು ದೂರು ಎಂದುಕೊಳ್ಳಬೇಡಿ. ಹತ್ತು ನಿಮಿಷಕ್ಕೆ ಆಕಳಿಕೆ ಬರಿಸುವ ಸ್ಲಾಟೇ ಒಳ್ಳೆಯ ಸ್ಲಾಟ್.

ಕಂಪನಿಯ ನಯವಿನಯಕ್ಕೆ ಬಿಟ್ಟಿರುವ ನಿಯಮಗಳ ಬಗ್ಗೆ ಮಾತ್ರ ನನಗೆ ಇಷ್ಟು ಭರವಸೆಯಿಲ್ಲ. 2025ರ ಅಕ್ಟೋಬರ್ ಕೊನೆಯಿಂದ, ಹೊಸ ಗ್ರಾಹಕರು ಮೊದಲ ಸಲ ಹಣ ಹಾಕುವ ಮುನ್ನವೇ ಮಿತಿ ಇಟ್ಟುಕೊಳ್ಳುವಿರಾ ಎಂದು ಕೇಳಬೇಕು. ಕೇಳಬೇಕು, ಅಷ್ಟೆ, ಬೇಡ ಎಂದು ಮುಂದೆ ಹೋಗಬಹುದು. ಮಿತಿ ತಗ್ಗಿಸಿದರೆ ತಕ್ಷಣ ಜಾರಿ, ಏರಿಸಲು 24 ಗಂಟೆ ಕಾಯಬೇಕು. ಇದು ಚೆನ್ನಾಗಿದೆ. ಆದರೆ ಆ ಮಿತಿ ಒಂದು ಕಂಪನಿಗಷ್ಟೇ ಸೀಮಿತ, ಇಲ್ಲಿ ಮುಗಿದರೆ ಪಕ್ಕದ ಆ್ಯಪ್ ಬಾಗಿಲು ತೆರೆದೇ ಇರುತ್ತದೆ. ಎಲ್ಲ ಬಾಗಿಲನ್ನೂ ಒಟ್ಟಿಗೆ ಹಾಕುವುದು, ಆಡುವವನೇ ಹೆಸರು ಬರೆಸಿ ತನ್ನನ್ನು ಹೊರಗಿಟ್ಟುಕೊಳ್ಳುವ ವ್ಯವಸ್ಥೆಯಾದ ಗ್ಯಾಮ್‌ಸ್ಟಾಪ್ ಒಂದೇ. ಅದಕ್ಕೆ ಸೇರುವುದು 2020ರ ಮಾರ್ಚ್ 31ರಿಂದ ಆನ್‌ಲೈನ್ ಕಂಪನಿಗಳಿಗೆ ಕಡ್ಡಾಯ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂಬ ಮೂರು ಅವಧಿಗಳಿವೆ, ನಡುವೆ ಮನಸ್ಸು ಬದಲಾಯಿತೆಂದರೆ ತೆರೆಯುವುದಿಲ್ಲ. ಪರವಾನಗಿಯಿಲ್ಲದ ವಿದೇಶಿ ತಾಣಗಳು ಮಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ.

ಗ್ರಾಹಕ ಸೇವೆಯ ಕಥೆ ಹೇಳಲೇಬೇಕು. ವಿಶ್ವಕಪ್ ನಡೆದಿದ್ದ ತಿಂಗಳಲ್ಲಿ “ನೀವು ಚೆನ್ನಾಗಿದ್ದೀರಾ? ಸ್ವಲ್ಪ ವಿರಾಮ ಬೇಕೆ?” ಎಂಬ ಕಾಳಜಿಯ ಇಮೇಲ್ ಬಂತು. ಅದರ ಬೆನ್ನಿಗೇ, ಅದೇ ಕಂಪನಿಯಿಂದ, ಉಚಿತ ಸ್ಲಾಟ್ ಸುತ್ತುಗಳ ಆಮಿಷ! ಯಾವ ಆಟದ ಪ್ರಚಾರ, ಯಾವ ದಾರಿಯಲ್ಲಿ ಬರಬೇಕೆಂದು ಗ್ರಾಹಕನೇ ಆರಿಸುವ ನಿಯಮ 2025ರ ಮೇ 1ರಂದು ಬಂದ ಮೇಲೆ ಕ್ರಿಕೆಟ್ಟನ್ನಷ್ಟೇ ಉಳಿಸಿಕೊಂಡೆ. ಅಲ್ಲಿಂದಾಚೆಗೆ ಆಮಿಷ ನಿಂತಿದೆ, ಕಾಳಜಿಯೂ ನಿಂತಿದೆ.

ಊರಿನಲ್ಲಿರುವ ಭಾವಮೈದುನನಿಗೆ ಇದೆಲ್ಲ ತಮಾಷೆ. “ಮುಚ್ಚಿಬಿಟ್ಟರೆ ಮುಗಿಯಿತಲ್ಲ ಭಾವ, ಎರಡೂವರೆ ಸೆಕೆಂಡಿನ ಲೆಕ್ಕವೆಲ್ಲ ಏಕೆ?” ಎನ್ನುತ್ತಾನೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಾಗೆ ಮುಚ್ಚಲು ಹೋಗಿ, ಮರುವರ್ಷ ಹೈಕೋರ್ಟಿನಲ್ಲಿ ಸೋತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಅವನ ರಮ್ಮಿಯೂ ನಿಂತಿತು. ಈಗ ಯಾವುದೋ ವಿದೇಶಿ ಕೊಂಡಿ ಹಿಡಿದು ಆಡುತ್ತಿರುವ ತನ್ನ ಗೆಳೆಯರ ಸುದ್ದಿಯನ್ನೂ ಅವನೇ ಹೇಳಿದ. ಅವರಿಗೆ ಮಿತಿಯೂ ಇಲ್ಲ, ಲೆಕ್ಕವೂ ಇಲ್ಲ.

ಬ್ರಿಟನ್ನಿನ ನಿಯಮಗಳಲ್ಲಿ ದೊಡ್ಡ ಕಿಂಡಿಯೆಂದರೆ ಕ್ರೀಡೆ. ಪಂದ್ಯ ನಡೆಯುತ್ತಿರುವಾಗ ಎಸೆತಕ್ಕೊಂದು ಬಾಜಿ ಕಟ್ಟಿದರೂ ಸ್ಲಾಟಿನಂತೆ ಅಲ್ಲಿ 5 ಪೌಂಡಿನ ತಡೆಯಿಲ್ಲ. ನಾನು ತಿಂಗಳಿಗೆ 40 ಪೌಂಡ್ ಮಿತಿ ಹಾಕಿಕೊಂಡು ಆ್ಯಪ್ ಉಳಿಸಿಕೊಂಡಿದ್ದೇನೆ. ಐದರಲ್ಲಿ ಸ್ಲಾಟಿಗೆ ನಾಲ್ಕು ನಕ್ಷತ್ರ, ಕ್ರಿಕೆಟ್ಟಿಗೆ ಎರಡು, ಗ್ರಾಹಕ ಸೇವೆಗೆ ಒಂದು.