ಒಂದೇ ಕೈ, ಮೂರು ಬಿಪಿ ಯಂತ್ರಗಳು

ಮುಂಬಯಿಯ ಮುಲುಂಡ್ ಪೂರ್ವದಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದ ಹೊತ್ತಿಗೆ ಮೂರು ಬಿಪಿ ಯಂತ್ರಗಳು ಸೇರಿಕೊಂಡಿದ್ದವು. ಮೊದಲನೆಯದು ಹೆಂಡತಿಗೆಂದು ನಾನೇ ಕೊಂಡುತಂದ, ರಟ್ಟೆಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಡಿಜಿಟಲ್ ಯಂತ್ರ. ಎರಡನೆಯದು ಮಗಳು ತಂದುಕೊಟ್ಟ, ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟುವ ಪುಟ್ಟ ಯಂತ್ರ. ಮೂರನೆಯದು ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದ ಭಾವನ ಚೀಲದೊಳಗಿಂದ ಹೊರಬಿದ್ದದ್ದು: ಮುಳ್ಳು ಓಡುವ ಡಯಲ್, ಒತ್ತಿ ಗಾಳಿ ತುಂಬುವ ರಬ್ಬರ್ ಬುರುಡೆ, ಜೊತೆಗೊಂದು ಸ್ಟೆತೊಸ್ಕೋಪ್. ಭಾವ ಒಂದು ಕಾಲಕ್ಕೆ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಈಗ ಎಪ್ಪತ್ತೊಂದರ ಪ್ರಾಯದಲ್ಲಿಯೂ ಊರಿನಲ್ಲಿ ಅಕ್ಕಪಕ್ಕದವರ ಬಿಪಿ ನೋಡುವುದನ್ನು ಬಿಟ್ಟಿಲ್ಲ.

ಅವರು ಬಂದ ದಿನವೇ ಸಂಜೆ, ಹತ್ತು ನಿಮಿಷಗಳ ಒಳಗೆ, ನನ್ನ ಎಡಗೈ ರಟ್ಟೆಯ ಯಂತ್ರದಲ್ಲಿ 141, ಮಣಿಕಟ್ಟಿನ ಯಂತ್ರದಲ್ಲಿ 129, ಭಾವನ ಡಯಲಿನಲ್ಲಿ 120 ಎಂಬ ಮೂರು ಮೇಲಿನ ಅಂಕಿಗಳನ್ನು ಕೊಟ್ಟಿತು. “ನಿನ್ನ ಕರೆಂಟಿನ ಡಬ್ಬಿಗಳನ್ನು ಅಟ್ಟಕ್ಕೆ ಹಾಕು” ಎಂದು ಭಾವ ತೀರ್ಪು ಕೊಟ್ಟರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡಿದ ನನಗೆ ಅಷ್ಟು ಸುಲಭದಲ್ಲಿ ಒಪ್ಪಲು ಮನಸ್ಸಾಗಲಿಲ್ಲ. ಅವರು ನಮ್ಮಲ್ಲಿದ್ದ ಮೂರು ವಾರವೂ ಬೆಳಿಗ್ಗೆ ಕಾಫಿಗೆ ಮುಂಚೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಮೂರೂ ಯಂತ್ರಗಳಲ್ಲಿ ನೋಡಿ ಒಂದು ನೋಟುಪುಸ್ತಕದಲ್ಲಿ ಬರೆಯುತ್ತ ಹೋದೆ.

ಪರೀಕ್ಷೆಯ ಮೊದಲ ಪಾಠ ಯಂತ್ರಗಳದ್ದಲ್ಲ, ಕ್ರಮದ್ದು. ಯಾವ ಯಂತ್ರವನ್ನು ಮೊದಲು ಕಟ್ಟುತ್ತೇವೆಯೋ ಅದೇ ಹೆಚ್ಚು ತೋರಿಸುತ್ತಿತ್ತು. ಕುಳಿತ ಕೂಡಲೇ ತೆಗೆದ ರೀಡಿಂಗಿಗೂ ಐದು ನಿಮಿಷ ಸುಮ್ಮನೆ ಕುಳಿತ ಮೇಲಿನ ರೀಡಿಂಗಿಗೂ ನನ್ನಲ್ಲಿ ಎಂಟು ಹತ್ತರ ಅಂತರ ಸಾಮಾನ್ಯವಾಗಿರುವುದರಿಂದ, ಮೊದಲ ದಿನ ಪಾಪದ ರಟ್ಟೆ ಯಂತ್ರಕ್ಕೆ ವಿನಾಕಾರಣ ಕೆಟ್ಟ ಹೆಸರು ಬಂದಿತ್ತು. ಅಂದು ನಾನು ಸ್ಟೇಷನ್ನಿನಿಂದ ಮಳೆಯಲ್ಲಿ ನಡೆದು ಬಂದು, ಭಾವನೊಡನೆ ಊರಿನ ಸುದ್ದಿ ಮಾತಾಡುತ್ತಲೇ ಕೈ ಚಾಚಿದ್ದೆ. ಮಾತಾಡುವುದು, ಕಾಲ ಮೇಲೆ ಕಾಲು ಹಾಕುವುದು, ಮೂತ್ರ ಕಟ್ಟಿಕೊಂಡು ಕುಳಿತಿರುವುದು, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರುವುದು ಅಥವಾ ಮೆಟ್ಟಿಲು ಹತ್ತಿರುವುದು, ಇವೆಲ್ಲ ಒತ್ತಡವನ್ನು ನಿಜವಾಗಿಯೇ ಏರಿಸುತ್ತವೆ. ಅಂಥ ಹೊತ್ತಿನಲ್ಲಿ ಹೆಚ್ಚಿನ ಅಂಕಿ ಬಂದರೆ ಯಂತ್ರ ಸುಳ್ಳು ಹೇಳಿದಂತಾಗುವುದಿಲ್ಲ. ಮರುದಿನದಿಂದ ಐದು ನಿಮಿಷ ಮೌನ, ಒಂದೊಂದು ರೀಡಿಂಗಿನ ನಡುವೆ ಒಂದೆರಡು ನಿಮಿಷದ ಬಿಡುವು, ದಿನಕ್ಕೊಂದು ಯಂತ್ರಕ್ಕೆ ಮೊದಲ ಸರದಿ ಎಂಬ ನಿಯಮ ಮಾಡಿಕೊಂಡೆವು. ಮೂವರ ಪೈಕಿ ಮೌನ ಪಾಲಿಸಲು ಅತಿ ಕಷ್ಟಪಟ್ಟವರು ಭಾವ.

ಎರಡನೆಯ ತೊಡಕು ನಮ್ಮ ಸೋಫಾದಲ್ಲಿತ್ತು. ಅದು ತಗ್ಗು, ಮುಂದಿನ ಟೀಪಾಯಿ ಅದಕ್ಕಿಂತಲೂ ತಗ್ಗು. ಅದರ ಮೇಲೆ ಕೈ ಇಟ್ಟರೆ ಪಟ್ಟಿ ಎದೆಯ ನಡುಮಟ್ಟಕ್ಕಿಂತ 11 ಸೆಂಟಿಮೀಟರ್ ಕೆಳಗಿರುತ್ತದೆ ಎಂಬುದನ್ನು ಹೊಲಿಗೆಯ ಟೇಪು ಹಿಡಿದು ಅಳೆದೆ. ರಕ್ತವೂ ಒಂದು ದ್ರವವೇ ಆದ್ದರಿಂದ, ಕೈ ಹೃದಯದ ಮಟ್ಟದಿಂದ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 0.8 ಮಿಲಿಮೀಟರ್ ಪಾದರಸದಷ್ಟು (ಬಿಪಿಯ ಅಂಕಿಗಳೆಲ್ಲ ಈ ಅಳತೆಯವೇ) ಒತ್ತಡ ಕೂಡಿಕೊಳ್ಳುತ್ತದೆ, ಮೇಲೇರಿದರೆ ಅಷ್ಟೇ ಕಳೆಯುತ್ತದೆ. 11 ಸೆಂಟಿಮೀಟರಿಗೆ ಎಂಟಕ್ಕಿಂತ ಸ್ವಲ್ಪ ಹೆಚ್ಚು. ಊಟದ ಮೇಜಿನ ಕುರ್ಚಿಯಲ್ಲಿ ಬೆನ್ನು ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, ಕೈಯನ್ನು ಮೇಜಿನ ಮೇಲಿಟ್ಟು ನೋಡಿದರೆ ರಟ್ಟೆ ಯಂತ್ರದ ನನ್ನ ಸರಾಸರಿ 133/84. ಸೋಫಾದಲ್ಲಿ ಅದೇ ಯಂತ್ರ 142 ತೋರಿಸುತ್ತಿತ್ತು. ಮನೆಯಲ್ಲಿ ನೋಡಿದ ರೀಡಿಂಗುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಾದರೆ ಅಧಿಕ ರಕ್ತದೊತ್ತಡ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ದವಾಖಾನೆಯಲ್ಲಿ ಆ ಗೆರೆ 140/90. ಅಂದರೆ ಬರಿಯ ಪೀಠೋಪಕರಣವೇ ನನ್ನನ್ನು ಗೆರೆಯ ಈಚೆಯಿಂದ ಆಚೆಗೆ ದಾಟಿಸುತ್ತಿತ್ತು.

ಈ ಎತ್ತರದ ಲೆಕ್ಕದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮಣಿಕಟ್ಟಿನ ಯಂತ್ರ. ರಟ್ಟೆ ಹೇಗೆ ಕುಳಿತರೂ ಎದೆಯ ಆಸುಪಾಸಿನಲ್ಲಿಯೇ ಇರುತ್ತದೆ. ಮಣಿಕಟ್ಟು ಹಾಗಲ್ಲ, ತೊಡೆಯ ಮೇಲಿಟ್ಟರೆ ಹದಿನೈದು ಹೆಚ್ಚು, ಗಲ್ಲದ ಹತ್ತಿರ ಹಿಡಿದರೆ ಅಷ್ಟೇ ಕಡಿಮೆ. ಮೊಣಕೈಯನ್ನು ಮೇಜಿಗೂರಿ, ಮಣಿಕಟ್ಟನ್ನು ಎದೆಯ ಮಟ್ಟಕ್ಕೆ ತಂದು, ಬೆರಳು ಸಡಿಲ ಬಿಟ್ಟು ಕುಳಿತಾಗ ಅದರ ಸರಾಸರಿ 129/82 ಬಂದದ್ದು ನೋಡಿದರೆ ಪರವಾಗಿಲ್ಲ ಎನ್ನಬಹುದು. ಆದರೆ ಆ ಸರಾಸರಿಯ ಹಿಂದೆ 116ರಿಂದ 145ರವರೆಗೆ ಹರಡಿಕೊಂಡ ಅಂಕಿಗಳಿದ್ದವು, ರಟ್ಟೆ ಯಂತ್ರದ ಅಂಕಿಗಳು 126 ಮತ್ತು 140ರ ನಡುವೆಯೇ ನಿಂತಿದ್ದವು. ಒಮ್ಮೆ ದಾದರಿಗೆ ಹೋಗುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿದ ಉತ್ಸಾಹದಲ್ಲಿ ಲೋಕಲ್ ರೈಲಿನಲ್ಲಿಯೂ ಪರೀಕ್ಷಿಸಿದೆ. ಘಾಟ್ಕೋಪರಿನಿಂದ ಕುರ್ಲಾದವರೆಗೆ ಎರಡು ಸಲ ಗಾಳಿ ತುಂಬಿಕೊಂಡು, ಎರಡು ಸಲವೂ ದೋಷದ ಚಿಹ್ನೆ ತೋರಿಸಿ ಸುಮ್ಮನಾಯಿತು. ಅದು ಪ್ರಾಮಾಣಿಕ ಉತ್ತರ. ಎದುರು ಕುಳಿತಿದ್ದವರೊಬ್ಬರು ಮಾತ್ರ ನನ್ನ ಆರೋಗ್ಯದ ಬಗ್ಗೆ ಆತಂಕಗೊಂಡು ನೀರಿನ ಬಾಟಲಿ ಮುಂದೆ ಚಾಚಿದರು.

ಕುಲುಕಾಟಕ್ಕೆ ಈ ಯಂತ್ರಗಳು ಯಾಕೆ ಹೀಗೆ ಹೆದರುತ್ತವೆ ಎಂಬುದನ್ನು ತಿಳಿಯಲು ಅವು ಅಳೆಯುವ ಬಗೆಯನ್ನು ನೋಡಬೇಕು. ಭಾವನ ಪದ್ಧತಿ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್‌ಕಾಫ್ 1905ರಲ್ಲಿ ತಿಳಿಸಿದ್ದು. ಪಟ್ಟಿಯನ್ನು ಬಿಗಿಮಾಡಿ ಧಮನಿಯನ್ನು ಮುಚ್ಚಿ, ಗಾಳಿಯನ್ನು ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸುತ್ತ ಬಂದರೆ, ಮೊದಲ ಟಪ್ ಸದ್ದು ಕೇಳಿಸಿದಲ್ಲಿ ಮೇಲಿನ ಒತ್ತಡ, ಸದ್ದು ಅಡಗಿದಲ್ಲಿ ಕೆಳಗಿನ ಒತ್ತಡ. ಡಿಜಿಟಲ್ ಯಂತ್ರಕ್ಕೆ ಕಿವಿ ಇಲ್ಲ. ನಾಡಿಯ ಪ್ರತಿ ಬಡಿತಕ್ಕೂ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಸಣ್ಣ ಅಲೆಗಳನ್ನು ಅದು ಗಮನಿಸುತ್ತದೆ. ಅಲೆ ಅತಿ ದೊಡ್ಡದಾಗುವ ಬಿಂದು ಧಮನಿಯ ಸರಾಸರಿ ಒತ್ತಡಕ್ಕೆ ಸಮೀಪವಾದದ್ದು. ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಅಲ್ಲಿಂದ ಲೆಕ್ಕ ಹಾಕಿ ಹೇಳುತ್ತದೆ. ಆ ಲೆಕ್ಕದ ಸೂತ್ರ ಒಂದೊಂದು ಕಂಪನಿಗೂ ಬೇರೆ, ಬಹಿರಂಗವೂ ಅಲ್ಲ. ಹಾಗಾಗಿ ಎರಡು ಒಳ್ಳೆಯ ಯಂತ್ರಗಳೂ ಒಂದೇ ಕೈಯಲ್ಲಿ ನಾಲ್ಕೈದರ ವ್ಯತ್ಯಾಸ ತೋರಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಐಎಸ್‌ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡವೇ 85 ಮಂದಿಯ ಮೇಲಿನ ಪರೀಕ್ಷೆಯಲ್ಲಿ ಸರಾಸರಿ ದೋಷ 5 ಮಿಲಿಮೀಟರ್ ಮೀರದಿದ್ದರೆ, ಚದುರುವಿಕೆ 8ರೊಳಗಿದ್ದರೆ ಸಾಕು ಎನ್ನುತ್ತದೆ. ಎಂದರೆ ಪಾಸಾದ ಯಂತ್ರವೂ ಒಬ್ಬಿಬ್ಬರ ಕೈಯಲ್ಲಿ ಹೆಚ್ಚು ತಪ್ಪಬಹುದು. ನಾಡಿ ಏರುಪೇರಾಗಿ ಬಡಿಯುವವರಲ್ಲಂತೂ ಅಲೆಗಳೇ ಸಮವಾಗಿರುವುದಿಲ್ಲವಾದ್ದರಿಂದ ಒಂದು ರೀಡಿಂಗನ್ನು ನೆಚ್ಚುವಂತಿಲ್ಲ, ಮೂರನ್ನು ತೆಗೆದು ಸರಾಸರಿ ನೋಡಬೇಕಾಗುತ್ತದೆ.

ಹಾಗಾದರೆ ಕಿವಿಯಿಂದ ಕೇಳುವ ಭಾವನ ಯಂತ್ರವೇ ಸತ್ಯವಂತನೇ? ಅವರು ಬರೆಸಿದ ಅಂಕಿಗಳನ್ನು ವಾರದ ಕೊನೆಗೆ ನೋಡಿದಾಗ ನನಗೊಂದು ಸಂಶಯ ಬಂತು. 120/80, 130/80, 120/70, 120/80. ಡಯಲಿನಲ್ಲಿ ಎರಡೆರಡು ಮಿಲಿಮೀಟರಿಗೊಂದು ಗೆರೆ ಇದ್ದರೂ, ನನ್ನ ರಕ್ತ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಗಳನ್ನು ಮಾತ್ರ ಇಷ್ಟಪಡುತ್ತದೆ ಎಂದು ನಂಬುವುದು ಕಷ್ಟ. ಇದು ಭಾವನೊಬ್ಬರ ದೋಷವಲ್ಲ, ಕಣ್ಣಿನಿಂದ ಓದುವವರೆಲ್ಲರ ಹಳೆಯ ಚಾಳಿ. ಗಾಳಿಯನ್ನು ಅವಸರದಿಂದ ಬಿಟ್ಟರೆ, ಅಥವಾ ಕಿವಿ ಸ್ವಲ್ಪ ಮಂದವಾಗಿ ಮೊದಲ ಸಣ್ಣ ಸದ್ದುಗಳು ತಪ್ಪಿಹೋದರೆ ಮೇಲಿನ ಅಂಕಿ ನಿಜಕ್ಕಿಂತ ಕಡಿಮೆಯಾಗುತ್ತದೆ. ಇದನ್ನು ಮೂರು ಬಾರಿ ವಿನಯದಿಂದ ಸೂಚಿಸಿದ ಬಳಿಕ, ಯಂತ್ರವನ್ನು ನಮ್ಮ ಬೀದಿಯ ವೈದ್ಯರಲ್ಲಿಗೆ ಒಯ್ಯಲು ಅವರು ಒಪ್ಪಿದರು. ವೈದ್ಯರ ಬಳಿ ಪಾದರಸದ ಹಳೆಯ ಯಂತ್ರವೊಂದು ಉಳಿದಿತ್ತು. ಪಾದರಸದ ವಿಷವನ್ನು ತಡೆಯುವ ಮಿನಮಾಟಾ ಒಪ್ಪಂದದ ಪ್ರಕಾರ ಅಂಥವುಗಳ ತಯಾರಿಕೆ 2020ರ ಹೊತ್ತಿಗೆ ನಿಲ್ಲಬೇಕಾಗಿದ್ದರೂ, ತಾಳೆ ನೋಡಲು ಅದರ ಕಂಬವೇ ಈಗಲೂ ಚೆನ್ನ. ಮೂರು ಬಾಯಿಯ ಕೊಳವೆಯಿಂದ ಎರಡನ್ನೂ ಜೋಡಿಸಿ ವೈದ್ಯರು ಬುರುಡೆ ಒತ್ತಿದರು. ಪಾದರಸ 120ಕ್ಕೆ ಏರಿದಾಗ ಭಾವನ ಮುಳ್ಳು 112ರಲ್ಲಿತ್ತು, 160ಕ್ಕೆ ಏರಿದಾಗ 150ರಲ್ಲಿ. ಗಾಳಿ ಬಿಟ್ಟಾಗ ಮಾತ್ರ ಸರಿಯಾಗಿ ಸೊನ್ನೆಗೇ ಬಂದು ನಿಂತಿತು.

ಸೊನ್ನೆಯಲ್ಲಿ ನಿಂತರೆ ಯಂತ್ರ ಸರಿಯಿದೆ ಎಂಬ ಭಾವನ ಬಹುಕಾಲದ ನಂಬಿಕೆ ಅಲ್ಲಿಗೆ ಮುರಿಯಿತು. ಈ ಬಗೆಯ ಯಂತ್ರದೊಳಗೆ ತೆಳ್ಳನೆಯ ಲೋಹದ ಡಬ್ಬಿಯೊಂದು ಗಾಳಿಗೆ ಉಬ್ಬಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಮ್ಮೆ ಕೈಜಾರಿ ಬಿದ್ದರೂ ಸಾಕು, ಹೊರಗೆ ಏನೂ ಕಾಣದೆ ಒಳಗೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅದನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಾಳೆ ನೋಡಿಸಬೇಕು. ದಾರಿಯುದ್ದಕ್ಕೂ ಭಾವ ಮಾತಾಡಲಿಲ್ಲ. ತಮ್ಮದೇ ಬಿಪಿಯನ್ನೂ ಅವರು ಇಷ್ಟು ವರ್ಷ ಅದೇ ಡಯಲಿನಲ್ಲಿ ನೋಡಿಕೊಂಡು ನಿಶ್ಚಿಂತರಾಗಿದ್ದರು.

ಇಷ್ಟಾಗಿಯೂ ನಮ್ಮ ಮನೆಯ ಅತಿ ದೊಡ್ಡ ತಪ್ಪು ನಾನು ಸಮರ್ಥಿಸುತ್ತಿದ್ದ ರಟ್ಟೆ ಯಂತ್ರದಲ್ಲಿಯೇ ಇತ್ತು. ಹೆಂಡತಿಯ ರೀಡಿಂಗ್ ವಾರಗಟ್ಟಲೆ 148/90ರ ಸುತ್ತ ಇದ್ದು, ಎರಡನೆಯ ಮಾತ್ರೆ ಸೇರಿಸುವ ಮಾತು ನಡೆದಿತ್ತು. ಪಟ್ಟಿಯ ಅಂಚಿನಲ್ಲಿ 22–32 ಸೆಂಟಿಮೀಟರ್ ಎಂದು ಇರುವೆಯಂಥ ಅಕ್ಷರದಲ್ಲಿ ಅಚ್ಚಾದದ್ದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಅವಳ ರಟ್ಟೆಯ ಸುತ್ತಳತೆ 35. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಿನ ಸುಮಾರು 80 ಶೇಕಡವನ್ನಾದರೂ ಆವರಿಸಬೇಕು. ಗಿಡ್ಡವಾದರೆ ಧಮನಿಯನ್ನು ಮುಚ್ಚಲು ಹೆಚ್ಚು ಗಾಳಿ ಬೇಕಾಗಿ ಅಂಕಿ ಏರುತ್ತದೆ, ತೀರಾ ದೊಡ್ಡದಾದರೆ ಇಳಿಯುತ್ತದೆ. ದೊಡ್ಡ ಪಟ್ಟಿಗಾಗಿ ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಗಳನ್ನು ಸುತ್ತಿದೆ. ಮೊದಲ ಅಂಗಡಿಯವನು “ಸಬ್ ಮೆ ಚಲ್ತಾ ಹೈ” (ಎಲ್ಲದಕ್ಕೂ ಆಗುತ್ತದೆ) ಎಂದು ಬೇರೆ ಕಂಪನಿಯ ಪಟ್ಟಿಯೊಂದನ್ನು ಅಂಟಿಸಿದ. ಕೊಳವೆಯ ಮೂತಿ ಕೂತಿತು, ರೀಡಿಂಗ್ ಕೂರಲಿಲ್ಲ: 119, ಆಮೇಲೆ 151, ಆಮೇಲೆ ದೋಷದ ಚಿಹ್ನೆ. ಯಂತ್ರದ ಲೆಕ್ಕ ತನ್ನದೇ ಪಟ್ಟಿಗೆ ಹೊಂದಿಸಿದ್ದು ಎಂಬುದನ್ನು ಕಲಿಯಲು ನಾನು ತೆತ್ತ ಶುಲ್ಕ ಅದು. ಯಂತ್ರ ತಯಾರಿಸಿದವರದ್ದೇ 32–42ರ ಪಟ್ಟಿ ಬಂದ ಮೇಲೆ, ಅದೇ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಅವಳ ವಾರದ ಸರಾಸರಿ 136/83. ನೋಟುಪುಸ್ತಕ ನೋಡಿದ ವೈದ್ಯರು ಎರಡನೆಯ ಮಾತ್ರೆಯನ್ನು ಸದ್ಯಕ್ಕೆ ಬರೆಯಲಿಲ್ಲ, ಮೊದಲಿನದನ್ನು ಮುಂದುವರಿಸಿ ತಿಂಗಳ ನಂತರ ಬರಲು ಹೇಳಿದರು.

ಆಯ್ಕೆ ಕೇಳಿದರೆ, ಸರಿಯಾದ ಅಳತೆಯ ಪಟ್ಟಿಯಿರುವ ರಟ್ಟೆ ಯಂತ್ರಕ್ಕೇ ನನ್ನ ಮತ. ಮಣಿಕಟ್ಟಿನದನ್ನು, ರಟ್ಟೆಗೆ ಯಾವ ಪಟ್ಟಿಯೂ ಹಿಡಿಸದಷ್ಟು ತೋಳು ದಪ್ಪವಿರುವವರಿಗಲ್ಲದೆ ನಾನು ಹೇಳಲಾರೆ. ಡಯಲ್ ಯಂತ್ರ, ಕಿವಿ ಚುರುಕಾಗಿದ್ದು ತಾಳೆ ನೋಡಿಸುವ ಶಿಸ್ತಿರುವವರ ಕೈಯಲ್ಲಿ ಉತ್ತಮ. ಭಾವ ತಮ್ಮದನ್ನು ದುರಸ್ತಿಗೆ ಕೊಡದೆ ಚೀಲಕ್ಕೆ ಹಾಕಿಕೊಂಡು, ನಮ್ಮಂಥದ್ದೇ ಒಂದು ಯಂತ್ರ ಖರೀದಿಸಿ ಊರಿಗೆ ಹೊರಟರು.

ನನ್ನ ಕೈಗಳಲ್ಲಿಯೂ ಒಂದು ಭೇದ ಕಂಡಿತು. ಎಡಗೈಯಲ್ಲಿ 133 ಬರುವಾಗ ಬಲಗೈಯಲ್ಲಿ 127. ಹೆಚ್ಚು ತೋರಿಸುವ ಕೈಯಲ್ಲಿಯೇ ಯಾವಾಗಲೂ ನೋಡಬೇಕೆಂದೂ, ಅಂತರ ಹದಿನೈದರಷ್ಟಾದರೆ ತಿಳಿಸಬೇಕೆಂದೂ ವೈದ್ಯರು ಹೇಳಿದ್ದಾರೆ. ಮರೆಯಬಾರದೆಂದು ಹೆಂಡತಿ ಯಂತ್ರದ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿದ್ದಾಳೆ: “ಇವರಿಗೆ ಎಡಗೈ, ಸಣ್ಣ ಪಟ್ಟಿ. ನನಗೆ ಬಲಗೈ, ದೊಡ್ಡ ಪಟ್ಟಿ. ಸೋಫಾ ಬೇಡ.”