ಕಾಫಿ ಕಟ್ಟಿಗೆಯ ತಿರುಗು ಪೆನ್ನು: ಮರಗೆಲಸ ಅಚ್ಚುಕಟ್ಟು, ನಡುವಿನ ಬಿಗಿತಕ್ಕೆ ಮಾತ್ರ ಮದ್ದು ಬೇಕು

ಮಡಿಕೇರಿಯಲ್ಲಿ ಜೇನು, ಏಲಕ್ಕಿ, ಕಾಳುಮೆಣಸಿನ ಪಕ್ಕದಲ್ಲಿಟ್ಟು ಮಾರುತ್ತಿದ್ದ ಪೆನ್ನು ಇದು. ಹಳೇ ರೋಬಸ್ಟಾ ಗಿಡದ ಬೊಡ್ಡೆಯನ್ನು ಲೇತಿನಲ್ಲಿ ಕಡೆದು, ಒಳಗೆ 7 ಮಿ.ಮೀ. ಹಿತ್ತಾಳೆ ಕೊಳವೆ ಅಂಟಿಸಿ ಮಾಡಿದ್ದಾರೆ. ಕಾಫಿ ಮರ ಗಟ್ಟಿ, ನಾರು ನುಣುಪು, ಚೆನ್ನಾಗಿ ಹೊಳಪು ಹಿಡಿಯುತ್ತದೆ. ಕ್ಲಿಪ್ಪಿನ ಕೆಳಗೆ ಒಂದು ಸಣ್ಣ ಗಂಟನ್ನು ಹಾಗೇ ಉಳಿಸಿಕೊಂಡಿದ್ದಾರೆ. ಸುತ್ತಲಿನ ತಿಳಿಹಳದಿ ಅಲ್ಲಿ ಕಂದಿಗೆ ತಿರುಗುತ್ತದೆ, ನೋಡಲು ಬಹಳ ಚೆಂದ. ಕೈಗೆ ಹದವಾದ ತೂಕ, ಬರವಣಿಗೆ ಸರಾಗ.

ಕೊರತೆ ಒಂದೇ: ತಿರುಗಿಸುವುದು ಬಿಗಿ. ಒಂದು ಕೈಯಲ್ಲಿ ತಿರುಗಿಸಿ ರಿಫಿಲ್ ಹೊರತರಲು ಆಗುವುದಿಲ್ಲ. ಇಂಥ ಪೆನ್ನು ಕೊಂಡವರಲ್ಲಿ ಹೆಚ್ಚಿನವರು ಒಳಗಿನ ಮೆಕ್ಯಾನಿಸಂ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರ ತಪ್ಪೇನೂ ಇರುವುದಿಲ್ಲ, ತಪ್ಪಿರುವುದು ಜೋಡಣೆಯಲ್ಲಿ.

ಇದರ ರಚನೆ ಸರಳ. ಕೆಳಗಿನ ಭಾಗದ ಒಂದು ತುದಿಗೆ ಲೋಹದ ಮೂತಿ, ಇನ್ನೊಂದು ತುದಿಗೆ ಮೆಕ್ಯಾನಿಸಮ್ಮಿನ ಹಿತ್ತಾಳೆ ಬದಿಯನ್ನು ಒತ್ತಿ ಕೂರಿಸಿರುತ್ತಾರೆ. ಹೊರಗೆ ಉಳಿದ ಬೆಳ್ಳಿ ಬಣ್ಣದ ಭಾಗಕ್ಕೆ ನಡುವಿನ ಉಂಗುರ ತೊಡಿಸಿ, ಮೇಲಿನ ಭಾಗವನ್ನು ಕೈಯಿಂದಲೇ ತೂರಿಸುತ್ತಾರೆ. ಅಲ್ಲಿ ಅಂಟಿಲ್ಲ, ಬರೀ ಹಿಡಿತ. ಹಾಗಾಗಿ ಕೆಳಭಾಗವನ್ನು ಹಿಡಿದು, ಮೇಲಿನದನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಾ ನೇರಕ್ಕೆ ಎಳೆದರೆ ಕಳಚಿ ಬರುತ್ತದೆ.

ಪೂರ್ತಿ ಕಳಚುವ ಮೊದಲು ಒಂದು ಪರೀಕ್ಷೆ. ಮೇಲ್ಭಾಗವನ್ನು 1 ಮಿ.ಮೀ. ಮಾತ್ರ ಹೊರಗೆಳೆದು ತಿರುಗಿಸಿ. ಸಲೀಸಾಗಿ ತಿರುಗಿದರೆ ಬಿಗಿತ ಇರುವುದು ಉಂಗುರದ ಬಳಿ. ಈ ಪೆನ್ನಿನಲ್ಲೂ ಅದೇ. ಮೇಲ್ಭಾಗದ ಮರದ ತುದಿ ಉಂಗುರಕ್ಕೆ ಒತ್ತಿ ಉಜ್ಜುತ್ತಿತ್ತು. ಕಳಚಿ ಬೆಳಕಿಗೆ ಹಿಡಿದಾಗ ತುದಿಯ ಒಂದು ಮಗ್ಗುಲಲ್ಲಿ ಮಾತ್ರ, ಬಿದಿಗೆ ಚಂದ್ರನ ಆಕಾರದಷ್ಟು ಜಾಗ, ಕರ್ರಗೆ ಮಿರುಗುತ್ತಿತ್ತು. ಕೊಳವೆಯ ಅಂಚಿಗಿಂತ ಮರ ಕೂದಲೆಳೆಯಷ್ಟು ಮುಂದಿತ್ತು.

ಇದಕ್ಕೆ ಕೊಡಗಿನ ಮಳೆಗಾಲವೂ ಕಾರಣ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಯಲ್ಲಿ ಗಾಳಿಯ ತೇವ ಶೇ. 90ರ ಆಸುಪಾಸಿನಲ್ಲೇ ನಿಂತರೆ ಒಣಗಿದ ಮರವೂ ನಿಧಾನವಾಗಿ ಶೇ. 20ರಷ್ಟು ತೇವಾಂಶದ ಕಡೆಗೆ ಏರುತ್ತದೆ. ಮರ ನಾರಿನ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ನೇರ ನಾರಿನ ಮರವಾಗಿದ್ದರೆ ತುದಿ ಹೀಗೆ ಮುಂದೆ ಬರುತ್ತಿರಲಿಲ್ಲ. ಕಾಫಿ ಬೊಡ್ಡೆಯಲ್ಲಿ ಗಂಟು ಹೆಚ್ಚು. ಗಂಟಿನ ಹತ್ತಿರ ನಾರು ಓರೆಯಾಗಿ ತುದಿಗೆ ಬರುತ್ತದೆ, ಉಬ್ಬುವುದೂ ಅದೇ ಮಗ್ಗುಲಲ್ಲಿ. ಹೊರಮೈಗೆ ಹೊಳಪು ಬಳಿದವರು ತುದಿಯ ಮರಕ್ಕೆ ಏನೂ ಬಳಿಯದೆ ಹಾಗೇ ಬಿಟ್ಟಿದ್ದಾರೆ. ತೇವ ನುಗ್ಗುವುದೇ ಅಲ್ಲಿಂದ.

ಸರಿಪಡಿಸುವುದು ಕಷ್ಟವಲ್ಲ. ಪೆನ್ನಿನ ಭಾಗಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ನಾಲ್ಕೈದು ದಿನ ಇಡಿ. ಒಲೆಯ ಮೇಲಿನ ಅಟ್ಟಕ್ಕಾಗಲಿ ಬಿಸಿಲಿಗಾಗಲಿ ಹಾಕಬೇಡಿ, ಮರ ಸೀಳು ಬಿಡುತ್ತದೆ. ಆಮೇಲೆ ಗಾಜಿನ ಮೇಲೆ 400 ನಂಬರಿನ ಸ್ಯಾಂಡ್ ಪೇಪರ್ ಹಾಸಿ, ಮೇಲ್ಭಾಗವನ್ನು ಉಂಗುರಕ್ಕೆ ತಾಗುವ ತುದಿ ಕೆಳಗಾಗಿ ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಐದಾರು ಸುತ್ತು ಹಗುರವಾಗಿ ಉಜ್ಜಿ ನೋಡಿ. ಹಿತ್ತಾಳೆಯ ಅಂಚು ಸುತ್ತಲೂ ಒಂದೇ ಸಮ ಹೊಳೆಯಲು ಶುರುವಾದ ಕೂಡಲೇ ನಿಲ್ಲಿಸಬೇಕು. ಓರೆ ಹಿಡಿದು ಉಜ್ಜಿದರೆ ಆ ಓರೆಯೇ ಹೊಸ ಬಿಗಿತ. ತುದಿಯ ಮರಕ್ಕೆ ಕಡ್ಡಿಯಿಂದ ಒಂದು ತೆಳು ಪದರ ಸೂಪರ್ ಗ್ಲೂ ಸವರಿ ಒಣಗಿಸಿ, ಒಂದು ಹನಿಯೂ ಕೊಳವೆಯೊಳಗೆ ಇಳಿಯದಂತೆ ನೋಡಿಕೊಳ್ಳಿ. ಮತ್ತೆ ಜೋಡಿಸುವಾಗ ಪೂರ್ತಿ ಗಟ್ಟಿಯಾಗಿ ಒತ್ತದೆ, ಉಂಗುರದ ಪಕ್ಕ ಒಂದು ಕಾಗದದ ಹಾಳೆಯಷ್ಟು ಸಡಿಲ ಬಿಡಿ.

1 ಮಿ.ಮೀ. ಎಳೆದ ಮೇಲೂ ಬಿಗಿ ಇದ್ದರೆ ಮೇಲ್ಭಾಗವನ್ನು ಪೂರ್ತಿ ತೆಗೆಯಿರಿ. ರಿಫಿಲ್ಲನ್ನು ಹಿಂದಿನಿಂದ ಎಡಕ್ಕೆ ತಿರುಗಿಸಿ ಬಿಚ್ಚಿ, ಖಾಲಿ ಮೆಕ್ಯಾನಿಸಮ್ಮನ್ನು ಬೆರಳಲ್ಲಿ ತಿರುಗಿಸಿ ನೋಡಿ. ಈಗ ಸಲೀಸಾದರೆ ರಿಫಿಲ್ ಎಲ್ಲೋ ತಾಗುತ್ತಿದೆ ಎಂದರ್ಥ: ಮೂತಿ ಸೊಟ್ಟ ಕೂತಿದೆ, ಇಲ್ಲವೇ ಕೊಳವೆಯೊಳಗೆ ಅಂಟು ಗಟ್ಟಿಯಾಗಿದೆ. ರಿಫಿಲ್ ಇಲ್ಲದೆಯೂ ಬಿಗಿಯೆಂದರೆ ಒತ್ತುವಾಗ ಮೆಕ್ಯಾನಿಸಂ ಓರೆಯಾಗಿ ಹೋಗಿದೆ, ಇಲ್ಲವೇ ಅಂಟು ಅದರ ಮೈಯನ್ನು ಹಿಂಡಿ ಹಿಡಿದಿದೆ. ಹಿಂದಿನಿಂದ ತೆಳು ಸರಳು ತೂರಿಸಿ ಮೊದಲು ಮೂತಿಯನ್ನು ತಟ್ಟಿ ಹೊರತೆಗೆದು, ಬಳಿಕ ಮೂತಿಯ ಬದಿಯಿಂದ ಮೆಕ್ಯಾನಿಸಮ್ಮನ್ನು ತಟ್ಟಬೇಕು. ಅಂಟನ್ನು ಕಡ್ಡಿಗೆ ಸುತ್ತಿದ ಸ್ಯಾಂಡ್ ಪೇಪರಿನಿಂದ ಕೆರೆದು ತೆಗೆಯಿರಿ. ಅಸಿಟೋನ್ ಬೇಡ, ಅಂಟಿನ ಜೊತೆ ಹೊರಗಿನ ಹೊಳಪೂ ಕರಗಿ ಹೋಗುತ್ತದೆ. ಹಿಂಡಿಸಿಕೊಂಡ ಮೆಕ್ಯಾನಿಸಂ ರಿಪೇರಿಗೆ ಬಗ್ಗುವುದಿಲ್ಲ, ಹೊಸದೇ ಹಾಕಬೇಕು. ಹಾಕುವಾಗ ಮೈಮೇಲಿನ ಗೆರೆಯವರೆಗೆ ಒಂದೇ ಸಲ ಒತ್ತದೆ, ಸ್ವಲ್ಪ ಮೊದಲೇ ನಿಲ್ಲಿಸಿ ರಿಫಿಲ್ ಹಾಕಿ ಅಳೆದು, ರಿಫಿಲ್ಲಿನ ಬರೆಯುವ ತುದಿ ಸಾಕಷ್ಟು ಹೊರಬರುವ ತನಕ ಚೂರುಚೂರೇ ಒತ್ತಿ. ಹೆಚ್ಚು ಒತ್ತಿದರೆ ತಿರುಗುವ ಭಾಗವೂ ಕೊಳವೆಗೆ ಸಿಕ್ಕಿಬೀಳುತ್ತದೆ.

ಎಣ್ಣೆ ಬಿಡುವುದು ತೀರಾ ತಪ್ಪು. ತೆಂಗಿನೆಣ್ಣೆಯಂತೂ ಬೇಡವೇ ಬೇಡ: ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಚಳಿಗಾಲದ ಬೆಳಿಗ್ಗೆ ಬಿಗಿತ ಇಮ್ಮಡಿಯಾಗುತ್ತದೆ. ಬೇಕೇ ಬೇಕೆಂದರೆ ಉಂಗುರ ತಾಗುವ ಕಡೆ ಪೆನ್ಸಿಲ್ ಸೀಸದ ಪುಡಿ ಒಂದು ಚಿಟಿಕೆ ಸಾಕು.

ಕೊಳ್ಳಬಹುದೇ? ಖಂಡಿತ. ಮರಗೆಲಸಕ್ಕೆ ಐದರಲ್ಲಿ ಐದು, ಜೋಡಣೆಗೆ ಮೂರು. ಅಂಗಡಿಯಲ್ಲೇ ಹತ್ತು ಸಲ ತಿರುಗಿಸಿ ನೋಡಿ, ಉಂಗುರದ ಎರಡೂ ಪಕ್ಕ ಬೆಳಕಿಗೆ ಹಿಡಿದು ಅಂಚು ಸಮ ಇದೆಯೇ ಗಮನಿಸಿ. ಇದಕ್ಕೆ ಬೇಕಾಗುವುದು ಕ್ರಾಸ್ ಕಂಪನಿಯ ಪೆನ್ನುಗಳ ಮಾದರಿಯ, ತಿರುಪು ಇರುವ ರಿಫಿಲ್. ಬಾಲ್ ಪೆನ್ನಿನ ಮಾಮೂಲಿ ರಿಫಿಲ್ ಇದಕ್ಕೆ ಕೂರುವುದಿಲ್ಲ, ಆದ್ದರಿಂದ ಪೆನ್ನಿನ ಜೊತೆಗೇ ಎರಡು ಕೇಳಿ ಪಡೆಯಿರಿ.